ತುಂಗಭದ್ರೆಯ ದಡದ ಓದುಗರಿಗೆ ಎರಡು ಪುಸ್ತಕ

ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ 2019ರಲ್ಲಿ ಪ್ರಕಟವಾದ ಐತಿಹಾಸಿಕ ಕಾದಂಬರಿ. ತೇಜೋ ಎಂಬುದು ಪೋರ್ಚುಗಲ್ಲಿನ ಲಿಸ್ಬನ್ ಬಳಿ ಕಡಲು ಸೇರುವ ನದಿ. ಸುಮಾರು 500 ವರ್ಷಗಳ ಹಿಂದೆ ಆ ದಡಕ್ಕೂ ವಿಜಯನಗರದ ತುಂಗಭದ್ರೆಗೂ ನಡುವೆ ಹೆಣೆದುಕೊಂಡ ಬದುಕುಗಳೇ ಇದರ ಕಥೆ. ಲಿಸ್ಬನ್ನಿನ ಯಹೂದಿ ಹುಡುಗಿ ಬೆಲ್ಲಾ, ಅವಳನ್ನು ಮೆಚ್ಚಿ ಸಂಪಾದನೆಗಾಗಿ ಭಾರತದ ಹಡಗು ಹತ್ತುವ ಗೇಬ್ರಿಯಲ್ ಓದಿ ಮುಗಿಸಿದ ಮೇಲೂ ಮನಸ್ಸಿನಿಂದ ಇಳಿಯುವುದಿಲ್ಲ. ಧರ್ಮದ ಹೆಸರಿನ ಹಿಂಸೆ ಎರಡೂ ದಡಗಳಲ್ಲಿ ಒಂದೇ ಬಗೆಯದೆಂದು ಲೇಖಕರು ಯಾರ ಪಕ್ಷವನ್ನೂ ವಹಿಸದೆ ಕಾಣಿಸಿದ್ದಾರೆ; ಪುಸ್ತಕದ ದೊಡ್ಡ ಬಲ ಅದೇ. ಗಾತ್ರ ಕಂಡು ಹಿಂಜರಿಯಬೇಕಿಲ್ಲ.

ದಾವಣಗೆರೆಯ ನಿಟ್ಟುವಳ್ಳಿಯ ಓದುಗರಿಗೆ ಈ ಕಾದಂಬರಿ ಇನ್ನಷ್ಟು ಹತ್ತಿರ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಆದ ಹೊಳೆ ಪಕ್ಕದ ಹರಿಹರವನ್ನು ಹಾದೇ ಹಂಪಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಸೊರಗಿ ಬಂಡೆ, ಮರಳು ತೋರುವ ಹೊಳೆ ಮುಂಗಾರಿನಲ್ಲಿ ಕೆಂಪಾಗಿ ದಡ ತುಂಬಿ ಬರುವುದನ್ನು ಸೇತುವೆ ಮೇಲೆ ನಿಂತು ಕಂಡವರಿಗೆ ಪುಸ್ತಕದೊಳಗಿನ ನದಿ ಹೊಸದಲ್ಲ.

ಎರಡನೆಯ ಪುಸ್ತಕ ಬಾನು ಮುಷ್ತಾಕ್ ಅವರದು; ಅವರ ಕಥೆಗಳದು ಹೊಸ್ತಿಲೊಳಗಿನ ಲೋಕ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳ ‘ಹಾರ್ಟ್ ಲ್ಯಾಂಪ್’ 2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿನ ‘ಎದೆಯ ಹಣತೆ’ ಕಥೆಯಲ್ಲಿ ಗಂಡನಿಗೂ ತವರಿಗೂ ಬೇಡವಾಗಿ ಸಾಯಲು ಹೊರಟ ತಾಯಿಯನ್ನು, ಎಳೆಗೂಸನ್ನು ಎತ್ತಿಕೊಂಡು ಬಂದ ಮಗಳು ತಡೆಯುವ ಗಳಿಗೆ ಎಂಥವರ ಕಣ್ಣನ್ನೂ ಒದ್ದೆ ಮಾಡುತ್ತದೆ. ಪ್ರಶಸ್ತಿಯ ಸುದ್ದಿ ಕೇಳಿ ಇಂಗ್ಲಿಷ್ ಪ್ರತಿ ಕೊಂಡ ಕನ್ನಡಿಗರು ಈ ಕಥೆಗಳನ್ನು ಮೂಲ ಕನ್ನಡದಲ್ಲೂ ದಯವಿಟ್ಟು ಓದಬೇಕು.

— ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ