ಸೋಯಾ ಗುಳಿಗೆಗಿಂತ ಕಾಳಿನ ಸಾರೇ ವಾಸಿ

ಸೋಯಾಬೀನಿನಿಂದ ತೆಗೆದ ಐಸೊಫ್ಲೇವೋನ್ ಗುಳಿಗೆಗಳು ಈಗ ಔಷಧಿ ಅಂಗಡಿಯಲ್ಲೂ ಸಿಗುತ್ತವೆ, ಮೊಬೈಲಿನಲ್ಲಿ ಕೇಳಿದರೆ ಮನೆಗೂ ಬರುತ್ತವೆ. ಮುಟ್ಟು ನಿಂತ ಹೆಂಗಸರ ಮೈಬಿಸಿ ತಗ್ಗಿಸುತ್ತದೆ ಎಂಬ ಪ್ರಚಾರದ ಜೊತೆಗೆ ಹೃದಯಕ್ಕೂ ಒಳ್ಳೆಯದು ಎಂಬ ಮಾತು ಸೇರಿಕೊಂಡಿದೆ. ಸೋಯಾ ತಿಂದರೆ ಹೃದಯಕ್ಕೆ ಹಿತ ಎನ್ನುವುದು ಬೇರೆ, ಅದರೊಳಗಿನ ಒಂದೇ ಅಂಶವನ್ನು ಹೆಕ್ಕಿ ನುಂಗಿದರೆ ಹಿತ ಎನ್ನುವುದು ಬೇರೆ. ಮೊದಲನೆಯದಕ್ಕೆ ತಕ್ಕಮಟ್ಟಿನ ಆಧಾರವಿದೆ. ಎರಡನೆಯದಕ್ಕೆ ದುಡ್ಡು ಸುರಿಯುವಷ್ಟು ಆಧಾರ ನನಗಂತೂ ಕಾಣುತ್ತಿಲ್ಲ.

ಸೋಯಾಕ್ಕೆ ಈ ಹೆಸರು ಬಂದದ್ದು 1995ರಲ್ಲಿ. ಅಂದು ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದು 38 ಪ್ರಯೋಗಗಳ ಒಟ್ಟು ಲೆಕ್ಕ ಪ್ರಕಟಿಸಿತು. ದಿನಕ್ಕೆ ಸರಾಸರಿ 47 ಗ್ರಾಂ ಸೋಯಾ ಪ್ರೋಟೀನ್ ತಿಂದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಶೇ 13ರಷ್ಟು ಇಳಿದಿತ್ತು. 1999ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸೋಯಾ ಪೊಟ್ಟಣಗಳ ಮೇಲೆ ಹೃದಯದ ಹೆಸರು ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ಈ ಗುಣ ಯಾವುದರಿಂದ ಬಂತು ಎಂದು ಹುಡುಕಿದವರ ಕಣ್ಣು ಐಸೊಫ್ಲೇವೋನ್‌ಗಳ ಮೇಲೆ ಬಿತ್ತು. ಜೆನಿಸ್ಟೀನ್, ಡೈಡ್ಜೀನ್ ಎಂಬ ಇವು ರಚನೆಯಲ್ಲಿ ಈಸ್ಟ್ರೊಜೆನ್ ಹಾರ್ಮೋನನ್ನು ಹೋಲುತ್ತವೆ. ಪರೀಕ್ಷಿಸುವ ದಾರಿಯೂ ಸರಳವಾಗಿತ್ತು: ಸೋಯಾ ಪ್ರೋಟೀನನ್ನು ಆಲ್ಕೊಹಾಲಿನಲ್ಲಿ ತೊಳೆದರೆ ಐಸೊಫ್ಲೇವೋನ್ ಬಹುಪಾಲು ಹೋಗಿ ಪ್ರೋಟೀನ್ ಉಳಿಯುತ್ತದೆ. ತೊಳೆದದ್ದನ್ನು ಒಂದು ಗುಂಪಿಗೆ, ತೊಳೆಯದ್ದನ್ನು ಇನ್ನೊಂದಕ್ಕೆ ಕೊಟ್ಟು ನೋಡಬಹುದು. ಇಂಥ ಹಲವು ಪ್ರಯೋಗಗಳನ್ನು ತೂಗಿ ನೋಡಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2006ರಲ್ಲಿ ಕೊಟ್ಟ ಲೆಕ್ಕ ಬೇರೆಯೇ. ದಿನಕ್ಕೆ ಸುಮಾರು 50 ಗ್ರಾಂ ಸೋಯಾ ಪ್ರೋಟೀನ್ ತಿಂದರೂ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವುದು ಶೇ 3ರಷ್ಟು; ಐಸೊಫ್ಲೇವೋನ್‌ನ ಪಾಲು ಸೊನ್ನೆ. 2017ರಲ್ಲಿ ಅಮೆರಿಕದ ಆಡಳಿತವೇ ತಾನು ಕೊಟ್ಟ ಒಪ್ಪಿಗೆ ಹಿಂಪಡೆಯುವ ಪ್ರಸ್ತಾವ ಮುಂದಿಟ್ಟಿತು.

ಹೃದಯವೆಂದರೆ ಬರೀ ಕೊಲೆಸ್ಟ್ರಾಲ್ ಅಲ್ಲ, ರಕ್ತನಾಳಕ್ಕೆ ಐಸೊಫ್ಲೇವೋನ್ ಬೇರೆ ದಾರಿಯಲ್ಲಿ ನೆರವಾಗಬಹುದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಲಾಸ್ ಏಂಜಲೀಸ್‌ನಲ್ಲಿ ಮುಟ್ಟು ನಿಂತ 350 ಮಹಿಳೆಯರ ಮೇಲೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಪರೀಕ್ಷಿಸಿದರು. 2011ರಲ್ಲಿ ಬಂದ ಫಲಿತಾಂಶದ ಪ್ರಕಾರ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವುದರಲ್ಲಿ ಐಸೊಫ್ಲೇವೋನ್ ಪಡೆದ ಮತ್ತು ಪಡೆಯದ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ಮುಟ್ಟು ನಿಂತು ಐದು ವರ್ಷ ದಾಟದ ಸಣ್ಣ ಗುಂಪಿನಲ್ಲಿ ಮಾತ್ರ ಲಾಭದ ಸುಳಿವು ಸಿಕ್ಕಿತು, ಅಷ್ಟೇ. ಇನ್ನೊಂದು ತೊಡಕೂ ಇದೆ. ಡೈಡ್ಜೀನನ್ನು ಈಕ್ವಾಲ್ ಎಂಬ ಹೆಚ್ಚು ಚುರುಕಿನ ವಸ್ತುವಾಗಿ ಮಾರ್ಪಡಿಸುವುದು ನಮ್ಮ ಕರುಳಿನ ಬ್ಯಾಕ್ಟೀರಿಯಾ. ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲಿಲ್ಲ. ಪಾಶ್ಚಾತ್ಯರಲ್ಲಿ ಹೆಚ್ಚೆಂದರೆ ಮೂರರಲ್ಲಿ ಒಬ್ಬರಿಗೆ, ಜಪಾನೀಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದೆ. ಒಂದೇ ಗುಳಿಗೆ ಇಬ್ಬರ ಮೈಯಲ್ಲಿ ಎರಡು ಥರ ಕೆಲಸ ಮಾಡುತ್ತದೆ ಎಂದರೆ ಅದನ್ನು ಎಲ್ಲರಿಗೂ ಮಾರುವುದು ಹೇಗೆ?

ಹಾಗಾದರೆ 2020ರ ಹಾರ್ವರ್ಡ್ ಅಧ್ಯಯನ ಸುಳ್ಳೇ? ಎರಡು ಲಕ್ಷ ಮೀರಿದ ಅಮೆರಿಕನ್ನರ ಮಾಹಿತಿಯಲ್ಲಿ, ವಾರಕ್ಕೊಮ್ಮೆಯಾದರೂ ತೋಫು, ಅಂದರೆ ಸೋಯಾ ಪನೀರ್, ತಿನ್ನುವವರಿಗೆ ಹೃದ್ರೋಗದ ಅಪಾಯ ಶೇ 18ರಷ್ಟು ಕಡಿಮೆ ಎಂದು ಕಂಡಿತ್ತು. ಸುಳ್ಳಲ್ಲ. ಆದರೆ ಅಮೆರಿಕದಲ್ಲಿ ತೋಫು ತಿನ್ನುವವರು ವ್ಯಾಯಾಮ, ತರಕಾರಿಗಳಲ್ಲೂ ಮುಂದಿರುವವರೇ ಹೆಚ್ಚು; ಲೆಕ್ಕದಲ್ಲಿ ಅದನ್ನೆಲ್ಲ ಸರಿದೂಗಿಸಿದರೂ ಪೂರ್ತಿ ತೊಡೆಯಲಾಗದು. ಅದಕ್ಕಿಂತ ಮುಖ್ಯವಾಗಿ, ತೋಫು ತಟ್ಟೆಗೆ ಬಂದಾಗ ಅಲ್ಲಿಂದ ಮಾಂಸದ ತುಂಡೊಂದು ಹೊರಗೆ ಹೋಗುತ್ತದೆ. ಅದರ ಜೊತೆ ಹೋಗುವ ಕೊಬ್ಬೇ ದೊಡ್ಡ ಲಾಭ.

ಆ ಲಾಭಕ್ಕೆ ಸೋಯಾವೇ ಆಗಬೇಕೆಂದಿಲ್ಲ. ಸೋಯಾ ಹೊರತಾದ ಕಾಳುಗಳ 26 ಪ್ರಯೋಗಗಳನ್ನು ಕೆನಡಾದ ಸಂಶೋಧಕರು 2014ರಲ್ಲಿ ಒಟ್ಟುಗೂಡಿಸಿದಾಗ, ದಿನಕ್ಕೆ ಸುಮಾರು 130 ಗ್ರಾಂ ಕಾಳು ತಿಂದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಶೇ 5ರಷ್ಟು ಇಳಿದಿತ್ತು. ಕಡಲೆ, ಬಟಾಣಿ, ಮಸೂರದಂಥ ಸಾಮಾನ್ಯ ಕಾಳುಗಳವು, ಐಸೊಫ್ಲೇವೋನ್ ಹೆಸರಿಗಷ್ಟೇ ಇರುವಂಥವು. ಬೀದರ್ ಸೀಮೆಯಲ್ಲಿ ಸೋಯಾ ಮುಂಗಾರಿನ ದೊಡ್ಡ ಬೆಳೆ, ನಿಜ. ಆದರೆ ನಮ್ಮ ದೇಶದ ಸೋಯಾ ಬಹುತೇಕ ಹೋಗುವುದು ಎಣ್ಣೆ ಗಿರಣಿಗೆ. ಎಣ್ಣೆಗೆ ಐಸೊಫ್ಲೇವೋನ್ ಇಳಿಯುವುದಿಲ್ಲ, ಅದು ಹಿಂಡಿಯಲ್ಲೇ ಉಳಿದು ಕೋಳಿ ಫಾರ್ಮ್ ಸೇರುತ್ತದೆ. ಕೋಳಿಗಳ ಹೃದಯ ಗಟ್ಟಿಯಾಗಿದ್ದರೆ ಆಶ್ಚರ್ಯವಿಲ್ಲ.

ಇದನ್ನೆಲ್ಲ ಓದಿ ಸೋಯಾ ಚಂಕ್ಸನ್ನು ದೂರವಿಡಬೇಕಿಲ್ಲ. ಗಂಡಸರ ಹಾರ್ಮೋನ್ ಏರುಪೇರಾಗುತ್ತದೆ ಎಂಬ ಭಯವೂ ಪ್ರಯೋಗಗಳಲ್ಲಿ ನಿಂತಿಲ್ಲ. ಎಣ್ಣೆಯಲ್ಲಿ ಕರಿಯದೆ ಪಲ್ಯ ಮಾಡಿ ತಿನ್ನಿ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರ ಅದಕ್ಕೂ ಸೋಯಾಕ್ಕೂ ಕೆಲವು ಗಂಟೆ ಅಂತರವಿಡಿ. ಇನ್ನು, ವೈದ್ಯರು ಕೊಟ್ಟ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟು ಸೋಯಾ ಗುಳಿಗೆ ಹಿಡಿಯುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿ: ಆ ಮಾತ್ರೆ ಕೆಟ್ಟ ಕೊಲೆಸ್ಟ್ರಾಲನ್ನು ಶೇ 30 ಅಥವಾ ಇನ್ನೂ ಹೆಚ್ಚು ಇಳಿಸುತ್ತದೆ.