ಬೈಟು ನೋಡುವುದು ಯಾರ ಕೆಲಸ?

ಪಠ್ಯ ಸರಿಯಾದ ಯುಟಿಎಫ್-8 ಹೌದೋ ಅಲ್ಲವೋ ಎಂದು ಲೈಬ್ರರಿ ನೋಡಬೇಕಿಲ್ಲ, ಅದನ್ನು ಬಳಸುವವರೇ ನೋಡಿಕೊಳ್ಳಲಿ ಎನ್ನುತ್ತಾರೆ ಅಂಥ ಲೈಬ್ರರಿಯೊಂದರ ಲೇಖಕರು. ನೋಡಿಕೊಂಡ ಚೆಂದ 2000ದಲ್ಲೇ ಬಯಲಾಗಿದೆ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ಗೆ ಓರೆಗೆರೆಯನ್ನು ಒಂದರ ಬದಲು ಎರಡು ಬೈಟುಗಳಲ್ಲಿ ಬರೆದು ಕಳಿಸಿದರೆ ಸಾಕಿತ್ತು, ಫೋಲ್ಡರಿನ ಕಾವಲು ದಾಟಬಹುದಿತ್ತು. ಮರುವರ್ಷ ನಿಮ್ಡಾ ವರ್ಮ್ ಆ ಸಂದಿಯಲ್ಲೂ ನುಗ್ಗಿತು. ಇಂಥ ಬೈಟುಗಳನ್ನು ಡಿಕೋಡ್ ಮಾಡಲೇಬಾರದೆಂದು 2003ರ ಯುಟಿಎಫ್-8 ಮಾನದಂಡ ಹೇಳುತ್ತದೆ.

ತಪಾಸಣೆ ಮಾಡಿದರೆ ವೇಗ ಕುಗ್ಗುತ್ತದಂತೆ! ಇಂದಿನ ಪ್ರೊಸೆಸರ್‌ಗಳು ಸೆಕೆಂಡಿಗೆ ಹಲವು ಗಿಗಾಬೈಟ್ ಪರೀಕ್ಷಿಸಬಲ್ಲವು. ಇನ್ನು ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಬಫರ್ ನಡುವೆ ತುಂಡಾದರೆ ಒಡೆಯುವುದು ನಮ್ಮ ಪಠ್ಯವೇ. ಬರೀ ಇಂಗ್ಲಿಷ್ ಅಕ್ಷರಗಳಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದಾದರೂ ಹೇಗೆ? ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಪಾಸಣೆ ತಪ್ಪಿಸಬೇಕೆಂದರೆ ‘ಅನ್‌ಸೇಫ್’ ಎಂದು ಬರೆದೇ ಮುಂದುವರಿಯಬೇಕು. ಲೇಖಕರ ಲೈಬ್ರರಿಯೂ ಕನಿಷ್ಠ ಅಷ್ಟು ಪ್ರಾಮಾಣಿಕವಾಗಿರಲಿ.