ಬೆಳಗಿನ ಜಾವ ಏಳುವವರೆಲ್ಲ ಕೋಟ್ಯಧಿಪತಿಗಳೇ?

ಇಂಟರ್ನೆಟ್ ಉದ್ಯಮಿಯೊಬ್ಬನ ಯಶೋಗಾಥೆ ಇಲ್ಲದ ಭಾನುವಾರದ ಪುರವಣಿಯನ್ನು ಇತ್ತೀಚೆಗೆ ಕಂಡವರುಂಟೇ? ಆತ ಎಷ್ಟು ಗಂಟೆಗೆ ಏಳುತ್ತಾನೆ, ಎದ್ದೊಡನೆ ಏನು ಕುಡಿಯುತ್ತಾನೆ, ಎಷ್ಟು ದೂರ ಓಡುತ್ತಾನೆ, ಯಾವ ಪುಸ್ತಕ ಓದುತ್ತಾನೆ, ದಿನವೂ ಒಂದೇ ಬಣ್ಣದ ಅಂಗಿಯನ್ನು ಏಕೆ ತೊಡುತ್ತಾನೆ, ರಾತ್ರಿ ಮೊಬೈಲನ್ನು ಯಾವಾಗ ಪಕ್ಕಕ್ಕಿಡುತ್ತಾನೆ ಎಂಬುದೆಲ್ಲ ಅಲ್ಲಿರುತ್ತದೆ. ಕೊನೆಯಲ್ಲಿ ಯುವಕರಿಗೆ ನಾಲ್ಕು ಹಿತವಚನ. ಇದೇ ಸರಕು ಕಾಲೇಜಿನ ಸಭಾಂಗಣಕ್ಕೆ ಬರುತ್ತದೆ, ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಬರುತ್ತದೆ, ಎರಡು ನಿಮಿಷದ ವಿಡಿಯೋ ಆಗಿ ನಮ್ಮ ಮಕ್ಕಳ ಕೈಗೂ ಬರುತ್ತದೆ. ಎಲ್ಲದರ ಸಾರ ಒಂದೇ: ಇವನು ಶ್ರೀಮಂತನಾದದ್ದು ತನ್ನ ಅಭ್ಯಾಸಗಳಿಂದ, ನೀನು ಬಡವನಾಗಿ ಉಳಿದದ್ದು ನಿನ್ನ ಅಭ್ಯಾಸಗಳಿಂದ.

ಈ ಮಾತು ಎಷ್ಟು ಅಪ್ಪಟ ಎಂದು ತಿಳಿಯಲು ಒಂದು ಒರೆಗಲ್ಲು ಬೇಕು. ನಮ್ಮ ನಾಡಿನಲ್ಲಿ ಅದಕ್ಕೆ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಕೆಜಿಎಫ್‌ನ ರೈಲು ಹಳಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್. ನಸುಕಿನಲ್ಲೇ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದರಲ್ಲಿ ಕಾವಲುಗಾರರಿದ್ದಾರೆ, ಕಚೇರಿಗಳ ನೆಲ ಒರೆಸುವ ಹೆಂಗಸರಿದ್ದಾರೆ, ಗಾರೆ ಕೆಲಸದವರು, ಬಣ್ಣ ಬಳಿಯುವವರು, ಅಂಗಡಿಯ ಹುಡುಗಿಯರು, ಮನೆ ಮನೆಗೆ ಪೊಟ್ಟಣ ಮುಟ್ಟಿಸುವ ಹುಡುಗರು ಇದ್ದಾರೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಊರಿಗೆ ಊರೇ ಈ ರೈಲಿಗೆ ಜೋತುಬಿದ್ದಿದೆ. ಇವರೆಲ್ಲ ಎಷ್ಟು ಗಂಟೆಗೆ ಏಳುತ್ತಾರೆಂದು ಯಾವ ಪುರವಣಿಯೂ ಕೇಳಿಲ್ಲ. ನಾಲ್ಕಕ್ಕೆ ಏಳುತ್ತಾರೆ. ಅಡುಗೆ ಮಾಡಿ ಡಬ್ಬಿ ಕಟ್ಟಬೇಕಾದ ಹೆಂಗಸರು ಅದಕ್ಕೂ ಮುಂಚೆ ಏಳುತ್ತಾರೆ. ಬೆಳಗಿನ ಜಾವ ಏಳುವುದರಿಂದಲೇ ಕೋಟಿ ಕೂಡುವುದಾದರೆ ಮಾರಿಕುಪ್ಪಂನ ಪ್ರತಿ ಮನೆಯ ಮುಂದೆಯೂ ಇಷ್ಟು ಹೊತ್ತಿಗೆ ಕಾರು ನಿಲ್ಲಬೇಕಿತ್ತು.

ಹೆಚ್ಚು ಹೊತ್ತು ದುಡಿಯಬೇಕು ಎಂಬುದು ಎರಡನೆಯ ಹಿತವಚನ. ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು ಹುಟ್ಟಿದ್ದು 1946ರಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟದಲ್ಲಿ. 2023ರ ಅಕ್ಟೋಬರ್‌ನಲ್ಲಿ ಅವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರ 90 ಗಂಟೆಯ ಮಾತು 2025ರ ಜನವರಿಯಲ್ಲಿ ಬಹಿರಂಗವಾಯಿತು. ಒಂದು ಸಣ್ಣ ಲೆಕ್ಕ ಮಾಡೋಣ. ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಗಂಟೆ ಕೆಲಸ, ರೈಲಿನಲ್ಲಿ ಹೋಗಿಬರಲು ಐದು ಗಂಟೆ, ವಾರಕ್ಕೆ ಆರು ದಿನ. ಒಟ್ಟು 90 ಗಂಟೆ. ಯಾರ ಉಪದೇಶವೂ ಇಲ್ಲದೆ ಕೆಜಿಎಫ್‌ನ ಕೂಲಿಕಾರ ಈ ಗುರಿಯನ್ನು ಮುಟ್ಟಿ ಎಷ್ಟೋ ವರ್ಷಗಳಾದವು. ಆತನಿಗೆ ತಿಂಗಳ ಕೊನೆಗೆ ಸಿಗುವುದು ಸಂಬಳದ ಚೀಟಿ ಮಾತ್ರ.

ಮೂರ್ತಿಯವರ ದುಡಿಮೆಯ ಬಗ್ಗೆ ನಮಗೆ ಅನುಮಾನವಿಲ್ಲ. ಬೆಳಿಗ್ಗೆ 6.20ಕ್ಕೆ ಕಚೇರಿಯಲ್ಲಿದ್ದು ರಾತ್ರಿ 8.30ಕ್ಕೆ ಹೊರಡುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಾವು ಅದನ್ನು ನಂಬುತ್ತೇವೆ. ಆದರೆ ಇನ್ಫೋಸಿಸ್‌ನ ನಿಜವಾದ ಹೆಚ್ಚುಗಾರಿಕೆ ಗಡಿಯಾರದಲ್ಲಿರಲಿಲ್ಲ. ಆ ಸಂಸ್ಥೆ 1990ರ ದಶಕದಲ್ಲಿ ತನ್ನ ನೌಕರರಿಗೆ ಷೇರುಗಳನ್ನು ಹಂಚಿತು. ಸಾಮಾನ್ಯ ಮನೆತನದ ಎಷ್ಟೋ ಹುಡುಗರು ಅದರಿಂದ ಸ್ವಂತ ಮನೆ ಕಂಡರು. ಅನುಕರಿಸಬೇಕಾದ ಅಭ್ಯಾಸ ಯಾವುದಾದರೂ ಇದ್ದರೆ ಅದು ಇದೇ. ಆದರೆ ನಮ್ಮ ಯುವಕರಿಗೆ ಬೋಧಿಸುವುದು 6.20ನ್ನು, ಷೇರಿನ ಮಾತನ್ನು ಯಾರೂ ಎತ್ತುವುದಿಲ್ಲ.

ಸಂಪತ್ತು ಅಭ್ಯಾಸಗಳಿಂದ ಹುಟ್ಟುವುದಿಲ್ಲವಾದರೆ ಮತ್ತೆಲ್ಲಿಂದ ಹುಟ್ಟುತ್ತದೆ? ಇದಕ್ಕೂ ಕೆಜಿಎಫ್‌ನ ಚರಿತ್ರೆಯೇ ಉತ್ತರ ಕೊಡುತ್ತದೆ. ಇಂದು ನಾವು ಸ್ಟಾರ್ಟ್ಅಪ್ ಎಂದು ಕರೆಯುವುದರ ಅಷ್ಟೂ ಹಂತಗಳು ಅಲ್ಲಿ ನೂರೈವತ್ತು ವರ್ಷಗಳ ಹಿಂದೆಯೇ ನಡೆದುಹೋಗಿವೆ. ಮೈಕೇಲ್ ಲ್ಯಾವೆಲ್ ಎಂಬ ಐರಿಶ್ ಸಿಪಾಯಿ ಅಲ್ಲಿ ಚಿನ್ನವಿದೆ ಎಂದು ನಂಬಿ 1873ರಲ್ಲಿ ಮೈಸೂರು ಸರ್ಕಾರದ ಬಳಿ ಪರವಾನಗಿ ಕೇಳಿದ. ಐಡಿಯಾ ಅವನದು ಎನ್ನೋಣವೇ? ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಅಲ್ಲಿ ಅಳತೆಗೆ ಬಂದಾಗ ಮಣ್ಣು ತೊಳೆದು ಚಿನ್ನದ ಕಣಗಳನ್ನು ತೋರಿಸಿದ್ದು ಸ್ಥಳೀಯ ಹಳ್ಳಿಗರು. ವಾರೆನ್ ಬರೆದ, ಲ್ಯಾವೆಲ್ ಓದಿದ. ಬೆಂಗಳೂರಿನ ಶ್ರೀಮಂತ ರಸ್ತೆಯೊಂದಕ್ಕೆ ಲ್ಯಾವೆಲ್‌ನ ಹೆಸರು ಉಳಿಯಿತು. ಮಣ್ಣು ತೊಳೆದವರ ಹೆಸರು ಯಾವ ರಸ್ತೆಗೂ ಇಲ್ಲ.

ಲ್ಯಾವೆಲ್‌ನ ಬಳಿ ಹಣವಿರಲಿಲ್ಲ. ಹಕ್ಕು ಇನ್ನೊಬ್ಬರ ಕೈಗೆ ಹೋಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಅದರ ಬೆನ್ನಿಗೆ ಮೈಸೂರು ಸಂಸ್ಥಾನ ನಿಂತಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ವಿದ್ಯುತ್ ಹರಿದದ್ದು ಮೊದಲು ಈ ಗಣಿಗಳಿಗೆ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ. ಬೇತಮಂಗಲದ ಕೆರೆಯಿಂದ ನೀರು ಬಂತು, ಬಂಗಾರಪೇಟೆಯಿಂದ ರೈಲು ಹಳಿ ಬಂತು. ಉತ್ತರ ಆರ್ಕಾಟು, ಚಿತ್ತೂರಿನ ಕಡೆಗಳಿಂದ ಬಂದ ಸಾವಿರಾರು ದಲಿತ ಕುಟುಂಬಗಳು ಭೂಮಿಯೊಳಕ್ಕೆ ಇಳಿದವು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರ್ ದಾಟಿತು; ಅಲ್ಲಿ ಬಂಡೆಯ ಬಿಸಿ 60 ಡಿಗ್ರಿಗೂ ಹೆಚ್ಚು. ಬಂಡೆ ಸಿಡಿದು ಸತ್ತವರು ಎಷ್ಟೋ ಮಂದಿ, ಕಲ್ಲಿನ ದೂಳು ಎದೆಗೆ ಹೊಕ್ಕು ಸಿಲಿಕೋಸಿಸ್‌ನಿಂದ ಕೆಮ್ಮಿ ಸತ್ತವರು ಇನ್ನೆಷ್ಟೋ. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಸರ್ಕಾರ ಗಣಿಗಳನ್ನು ವಹಿಸಿಕೊಂಡ 1956ರವರೆಗೂ ಲಾಭ ಸೇರಿದ್ದು ಲಂಡನ್ನಿನ ಷೇರುದಾರರಿಗೆ. ಕೊನೆಗೆ ಊರಿನ ಪಾಲಿಗೆ ಉಳಿದದ್ದು ಸೈನೈಡ್ ಗುಡ್ಡಗಳು ಮತ್ತು ಆ ನಸುಕಿನ ರೈಲು.

ಆ ಕಂಪನಿಯ ಒಡೆಯರು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದರು ಎಂಬುದರಿಂದ ಈ ಕಥೆಯಲ್ಲಿ ಏನಾದರೂ ತಿಳಿಯುತ್ತದೆಯೇ?

ಈಗ ಇಂಟರ್ನೆಟ್ ಎಂಬ ಹೊಸ ಗಣಿಗೆ ಬರೋಣ. 1969ರಲ್ಲಿ ಅದರ ಮೊದಲ ತಂತಿ ಜೋಡಣೆಗೆ ಹಣ ಹಾಕಿದ್ದು ಅಮೆರಿಕದ ರಕ್ಷಣಾ ಇಲಾಖೆ. ಆಹಾರ ತರುವ ಹುಡುಗ ಎಲ್ಲಿದ್ದಾನೆಂದು ನಕ್ಷೆಯಲ್ಲಿ ತೋರಿಸುವ ಜಿಪಿಎಸ್ ಕೂಡ ಅಲ್ಲಿನ ಸೇನೆಯ ಸೃಷ್ಟಿ. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು ಆಗಿನ್ನೂ ಸರ್ಕಾರಿ ಸಂಸ್ಥೆಯಾಗಿದ್ದ ವಿಎಸ್ಎನ್ಎಲ್. ಇಂದಿನ ಉದ್ಯಮಿಗೆ ಕ್ಷಣಾರ್ಧದಲ್ಲಿ ಹಣ ತಲುಪಿಸುವ ಯುಪಿಐ 2016ರಲ್ಲಿ ಬಂದದ್ದು ರಿಸರ್ವ್ ಬ್ಯಾಂಕಿನ ಆಶ್ರಯದಲ್ಲಿ ಹುಟ್ಟಿದ ಸಂಸ್ಥೆಯಿಂದ. ಶಿವನಸಮುದ್ರದ ವಿದ್ಯುತ್ತಿನಂತೆ ಇಲ್ಲಿಯೂ ದೀಪ ಹಚ್ಚಿದ್ದು ಸಾರ್ವಜನಿಕರ ದುಡ್ಡು.

ಉಳಿದದ್ದು ಬಂಡವಾಳ. ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲಿ ನಾಲ್ಕು ಲಕ್ಷ ರೂಪಾಯಿಯಿಂದ ಫ್ಲಿಪ್‌ಕಾರ್ಟ್ ಕಟ್ಟಿದ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಸುಳ್ಳಲ್ಲ, ಆದರೆ ಅರ್ಧ ಕಥೆ. ವರ್ಷಗಟ್ಟಲೆ ನಷ್ಟದಲ್ಲಿ ಮಾರುತ್ತ ಬಾಳಲು ಆ ನಾಲ್ಕು ಲಕ್ಷ ಸಾಲದು. ಅದಕ್ಕೆ ಹೊರದೇಶದ ಹೂಡಿಕೆದಾರರ ಡಾಲರ್ ಬೇಕಾಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1600 ಕೋಟಿ ಡಾಲರ್ ಕೊಟ್ಟು ಅದರ ಶೇ. 77 ಪಾಲನ್ನು ಕೊಂಡಿತು. ಬಂಗಾರಪೇಟೆಯ ಬಜಾರಿನಲ್ಲಿ ಮೊಬೈಲ್ ಮಾರುವವನು ಒಂದು ವರ್ಷ ನಷ್ಟದಲ್ಲಿ ಮಾರಿದರೆ ಅವನನ್ನು ಯಾರೂ ದೂರದೃಷ್ಟಿಯ ಉದ್ಯಮಿ ಎನ್ನುವುದಿಲ್ಲ. ಅವನ ಅಂಗಡಿಗೆ ಬೀಗ ಬೀಳುತ್ತದೆ.

ಬಂಗಾರಪೇಟೆಯ ಮಾತು ಬಂದಾಗ ಅಲ್ಲಿನ ಪಾನಿಪುರಿಯನ್ನು ಮರೆಯುವುದುಂಟೇ? ಬಣ್ಣವೇ ಇಲ್ಲದ ತಿಳಿನೀರು, ನಾಲಗೆಗಿಟ್ಟರೆ ಖಾರ. ಇಂದು ಬೆಂಗಳೂರಿನ ಬೀದಿ ಬೀದಿಯಲ್ಲಿ 'ಬಂಗಾರಪೇಟೆ ಚಾಟ್ಸ್' ಎಂಬ ಫಲಕ ಕಾಣುತ್ತದೆ. ಅದು ಒಂದು ಅಪ್ಪಟ ವ್ಯಾಪಾರದ ಐಡಿಯಾ. ಸಣ್ಣ ಊರಿನ ತಳ್ಳುಗಾಡಿಗಳು ರಾಜಧಾನಿಯ ರುಚಿಯನ್ನೇ ಬದಲಿಸಿದವು. ಆದರೆ ಆ ಹೆಸರಿನ ಮೇಲೆ ಆ ತಳ್ಳುಗಾಡಿಯವರಿಗೆ ಹಕ್ಕಿಲ್ಲ, ಅವರ ಹಿಂದೆ ಹೂಡಿಕೆದಾರರಿಲ್ಲ, ಅವರ ದಿನಚರಿಯನ್ನು ಅಚ್ಚು ಹಾಕಲು ಪುರವಣಿಯಿಲ್ಲ. ಐಡಿಯಾ ಎಲ್ಲರಿಗೂ ಹುಟ್ಟುತ್ತದೆ. ಬಂಡವಾಳ ಮಾತ್ರ ಕೆಲವರನ್ನೇ ಹುಡುಕಿಕೊಂಡು ಹೋಗುತ್ತದೆ.

ಅಭ್ಯಾಸಗಳ ಈ ಪುರಾಣ ಎಷ್ಟು ಟೊಳ್ಳೆಂಬುದಕ್ಕೆ ಬೈಜೂಸ್ ಸಾಕ್ಷಿ. 2022ರಲ್ಲಿ ಈ ಕಂಪನಿಗೆ 2200 ಕೋಟಿ ಡಾಲರ್ ಬೆಲೆ ಕಟ್ಟಲಾಗಿತ್ತು. ಆಗ ಅದರ ಸ್ಥಾಪಕರ ಛಲ, ದುಡಿಮೆ ಎಲ್ಲವೂ ಪಾಠವಾಗಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಮಾರು 2500 ನೌಕರರನ್ನು ಮನೆಗೆ ಕಳಿಸುವುದಾಗಿ ಕಂಪನಿ ಪ್ರಕಟಿಸಿತು. 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಸ್ಥಾಪಕರು ಬೆಳಿಗ್ಗೆ ಏಳುವ ಹೊತ್ತು ತಡವಾದುದರಿಂದ ಹೀಗಾಯಿತೇ? ಬಿದ್ದಾಗ ಕಾರಣ ಮಾರುಕಟ್ಟೆಯದು, ಸಾಲದ್ದು ಎನ್ನುವವರು ಎದ್ದಾಗ ಮಾತ್ರ ಕಾರಣ ಅಭ್ಯಾಸದ್ದು ಎನ್ನುವುದು ಯಾವ ನ್ಯಾಯ?

ನಾವು ವ್ಯಾಪಾರವನ್ನು ಹಳಿಯುವವರಲ್ಲ. ಹಣ್ಣಿನ ಗಾಡಿ, ಗುಜರಿ, ಮೆಕ್ಯಾನಿಕ್ ಶೆಡ್ಡು, ದರ್ಜಿ ಅಂಗಡಿಗಳನ್ನು ನಂಬಿ ಬದುಕುವ ಸಮುದಾಯಕ್ಕೆ ವ್ಯಾಪಾರದ ಬೆಲೆ ಗೊತ್ತು. ಅಪಾಯಕ್ಕೆ ಎದೆಯೊಡ್ಡಿ ಹೊಸತನ್ನು ಕಟ್ಟುವವನಿಗೆ ಲಾಭ ಸಲ್ಲಲೇಬೇಕು. ಆದರೆ ಅಪಾಯ ಯಾರದು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಹತ್ತು ನಿಮಿಷದಲ್ಲಿ ದಿನಸಿ ಮನೆಗೆ ಎಂಬ ಐಡಿಯಾ ಕಚೇರಿಯಲ್ಲಿ ಹುಟ್ಟುತ್ತದೆ. ಆ ಹತ್ತು ನಿಮಿಷವನ್ನು ಬೆಂಗಳೂರಿನ ಗುಂಡಿ ಬಿದ್ದ ರಸ್ತೆಯಲ್ಲಿ ಓಡಿಸುವವನು ಕೆಜಿಎಫ್‌ನ ಹುಡುಗ. ಬೈಕು ಅವನದು, ಪೆಟ್ರೋಲು ಅವನದು, ಮುರಿಯುವ ಕಾಲೂ ಅವನದೇ. ಅವನನ್ನು ನೌಕರ ಎನ್ನದೆ 'ಪಾಲುದಾರ' ಎನ್ನುತ್ತಾರೆ. ಪಾಲು ಮಾತ್ರ ಕೇಳುವ ಹಾಗಿಲ್ಲ.

1930ರಲ್ಲಿ ಗಣಿ ಕಂಪನಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ ಕೆಜಿಎಫ್‌ನ ಕೂಲಿಗಳು ಗಣಿಗೆ ಇಳಿಯದೆ ಮುಷ್ಕರ ಹೂಡಿದರು. ನಾವೇನು ಕಳ್ಳರೇ ಎಂಬುದು ಆ ಮುಷ್ಕರದ ಒಳದನಿಯಾಗಿತ್ತು. ಇಂದು ಅವರ ಮೊಮ್ಮಕ್ಕಳು ದಿನವೂ ಆ್ಯಪ್‌ಗೆ ಮುಖ ತೋರಿಸಿ ಕೆಲಸ ಆರಂಭಿಸುತ್ತಾರೆ. ಗಿರಾಕಿಯೊಬ್ಬ ಕೊಟ್ಟ ಒಂದು ನಕ್ಷತ್ರಕ್ಕೆ ಅವರ ಅನ್ನ ನಿಂತುಹೋಗಬಹುದು. 2020ರ ಡಿಸೆಂಬರ್ 12ರಂದು ಇದೇ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಒಡೆದು ದಾಂದಲೆಯಾಯಿತು. ಸಂಬಳ ಸರಿಯಾಗಿ ಬಂದಿಲ್ಲ ಎಂಬುದು ಅವರ ದೂರಾಗಿತ್ತು. ದಾಂದಲೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕೂಲಿ ಪಾವತಿಯಲ್ಲಿ ಲೋಪಗಳಿದ್ದವೆಂದು ಆ ಬಳಿಕ ಆ್ಯಪಲ್ ಮತ್ತು ವಿಸ್ಟ್ರಾನ್ ಎರಡೂ ಒಪ್ಪಿಕೊಂಡವು ಎಂಬುದನ್ನು ಮರೆಯುವುದೂ ಸಾಧ್ಯವಿಲ್ಲ.

ಹಾಗಾದರೆ ನಮ್ಮ ಪತ್ರಿಕೆಗಳು, ಕಾಲೇಜುಗಳು ಉದ್ಯಮಿಯನ್ನು ಕರೆಸುವುದೇ ಬೇಡವೇ? ಕರೆಸಲಿ. ಆದರೆ ಪ್ರಶ್ನೆ ಬದಲಾಗಲಿ. ಎಷ್ಟಕ್ಕೆ ಏಳುತ್ತೀರಿ ಎನ್ನುವ ಬದಲು ಮೊದಲ ಹಣ ಯಾರು ಕೊಟ್ಟರು ಎಂದು ಕೇಳಲಿ. ಏನು ಓದುತ್ತೀರಿ ಎನ್ನುವ ಬದಲು ನಿಮ್ಮ ಸಾಮಾನು ಹೊರುವವನಿಗೆ ಆಸ್ಪತ್ರೆಯ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಲಿ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸು ಕೊಡಬೇಕು. ನೀವು ಕಟ್ಟುತ್ತಿದ್ದೀರಾ, ಕೊಡುತ್ತಿದ್ದೀರಾ ಎಂದು ವಿದ್ಯಾರ್ಥಿಗಳು ಎದ್ದುನಿಂತು ಕೇಳಲಿ. ಅದಕ್ಕಿಂತ ದೊಡ್ಡ ವ್ಯಕ್ತಿತ್ವ ವಿಕಸನ ಯಾವುದಿದೆ?

ಕೆಜಿಎಫ್‌ಗೆ ಇದು ಬರೀ ತತ್ವದ ಚರ್ಚೆಯಲ್ಲ. ಅಲ್ಲಿನ ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ತ್ಯಾಜ್ಯದ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಗುಡ್ಡಗಳಲ್ಲಿ ಇರುವುದು 3.3 ಕೋಟಿ ಟನ್ ಮಣ್ಣೆಂಬ ಅಂದಾಜಿದೆ. ಗಾಳಿ ಬೀಸಿದಾಗಲೆಲ್ಲ ಆ ದೂಳನ್ನು ಉಂಡವರು ಆ ಊರಿನವರು. ಅದರಿಂದ ಬರುವ ಹಣದಲ್ಲಿ ಊರಿನ ಪಾಲೆಷ್ಟು, ಹಳೆಯ ಕಾರ್ಮಿಕರ ಮಕ್ಕಳಿಗೆ ಕೆಲಸವೆಷ್ಟು, ಬಂಗಾರಪೇಟೆಯ ತಳ್ಳುಗಾಡಿಯವನಿಗೆ ಸಾಲವೆಷ್ಟು ಎಂಬುದನ್ನು ಗುದ್ದಲಿ ಬೀಳುವ ಮೊದಲೇ ಬರೆದು ಕೊಡಬೇಕು. ಒಮ್ಮೆ ಚಿನ್ನ ಹೊರಟುಹೋದ ಮೇಲೆ ಕೇಳಿದರೆ ಸಿಗುವುದೇನೆಂದು ಆ ಊರಿಗೆ ಚೆನ್ನಾಗಿ ಗೊತ್ತು. ಅಷ್ಟು ಹೊತ್ತಿಗೆ ಅಲ್ಲಿನ ಯುವಕರ ಕೈಗೆ ಇನ್ನೊಂದು ಯಶಸ್ವಿ ದಿನಚರಿಯನ್ನು ತುರುಕಿ, ನಿಮ್ಮ ಬಡತನಕ್ಕೆ ನಿಮ್ಮ ನಿದ್ದೆಯೇ ಕಾರಣ ಎಂದು ಹೇಳಲು ಯಾರಾದರೂ ಬಂದರೆ, ಅವರನ್ನು ಆ ನಸುಕಿನ ರೈಲಿಗೆ ಹತ್ತಿಸಿ ಕಳಿಸಬೇಕು, ನಿಂತುಕೊಂಡೇ ಬೆಂಗಳೂರಿನವರೆಗೆ.